ಡಬ್ಲಿನ್‌ನಿಂದ ಪ್ಯಾರಿಸ್‌ಗೆ ವೀಸಾ ಇಲ್ಲದೆ: ಟಿಕೆಟ್‌ಗೂ ಮೊದಲು ಕಾರ್ಡ್ ಓದಿ

ಐರ್ಲೆಂಡಿನಲ್ಲಿ ನೆಲೆಸಿ, ಯುರೋಪಿಯನ್ ಸಂಗಾತಿಯ ಜೊತೆ ಷೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು) ಹೊರಡುವ ಭಾರತೀಯ ಪಾಸ್‌ಪೋರ್ಟಿನವರು ಟಿಕೆಟ್ ಮಾಡಿಸುವ ಮುಂಚೆ ತಮ್ಮ ನಿವಾಸ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ಓದಬೇಕು. ಗಂಡ ಅಥವಾ ಹೆಂಡತಿ ಜರ್ಮನ್, ಪೋಲಿಷ್, ಫ್ರೆಂಚ್ ಹೀಗೆ ಐರ್ಲೆಂಡ್ ಬಿಟ್ಟು ಬೇರೆ ಇಯು (ಯುರೋಪಿಯನ್ ಒಕ್ಕೂಟ) ದೇಶದ ಪ್ರಜೆಯಾಗಿದ್ದರೆ ಸಿಗುವುದು ‘ಸ್ಟ್ಯಾಂಪ್ 4 ಇಯು ಫ್ಯಾಮ್’ ಎಂಬ ನಿವಾಸ ಕಾರ್ಡ್. ಇಯು ನಿರ್ದೇಶನ 2004/38ರ 10ನೇ ವಿಧಿಯ ಪ್ರಕಾರ ಕೊಡುವ ಈ ಕಾರ್ಡಿಗೆ ಅದೇ ನಿರ್ದೇಶನದ 5(2)ನೇ ವಿಧಿ ವೀಸಾ ವಿನಾಯಿತಿ ಕೊಡುತ್ತದೆ. 20ನೇ ವಿಧಿಯ ಕಾಯಂ ನಿವಾಸ ಕಾರ್ಡಿಗೂ ಅದು ಸಲ್ಲುತ್ತದೆ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2020ರ ಜೂನ್‌ನಲ್ಲಿ ತೀರ್ಪು ಕೊಟ್ಟಿದೆ.

ಸಂಗಾತಿ ಐರಿಷ್ ಪ್ರಜೆಯೇ ಆಗಿದ್ದರೆ ಸಿಗುವುದು ಬರೀ ‘ಸ್ಟ್ಯಾಂಪ್ 4’. ಅದು ಐರ್ಲೆಂಡಿನ ಸ್ವಂತ ಕಾನೂನಿನ ಪರವಾನಗಿ. ಷೆಂಗೆನ್ ವೀಸಾ ಬೇಕೇ ಬೇಕು. ವಿಚಿತ್ರ ಅನ್ನಿಸಿದರೂ ನಿಯಮ ಹಾಗೇ ಇದೆ. ಆದರೆ ಸಂಗಾತಿ ಜೊತೆಗೆ ಬರುವುದಾದರೆ 90 ಯೂರೋ ವೀಸಾ ಶುಲ್ಕ ಕಟ್ಟಬೇಕಿಲ್ಲ, ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವಂತಿಲ್ಲ. ಮದುವೆ, ಸಂಗಾತಿಯ ಪೌರತ್ವ, ಜೊತೆ ಪ್ರಯಾಣ, ಈ ಮೂರಕ್ಕೆ ದಾಖಲೆ ಸಾಕು. ವೀಸಾ ಅರ್ಜಿಗೆ ಅಪಾಯಿಂಟ್‌ಮೆಂಟ್ ಸಿಗುವುದು ತಡವಾಗುತ್ತದೆ, ಅದನ್ನು ಮೊದಲು ಹಿಡಿದಿಟ್ಟುಕೊಳ್ಳಿ.

ಇಯು ಫ್ಯಾಮ್ ಕಾರ್ಡಿನವರು ಎಡವುವುದು ಒಂಟಿ ಪ್ರಯಾಣದಲ್ಲಿ. ಸಂಗಾತಿಯ ಜೊತೆ ಹೋಗುವಾಗ, ಅಥವಾ ಆಗಲೇ ಅಲ್ಲಿರುವ ಸಂಗಾತಿಯನ್ನು ಸೇರಿಕೊಳ್ಳಲು ಹೋಗುವಾಗ ಮಾತ್ರ ವಿನಾಯಿತಿ. ಗೆಳತಿಯರ ಜೊತೆ ಬಾರ್ಸಿಲೋನಾಕ್ಕೋ ಕಚೇರಿ ಕೆಲಸಕ್ಕೆ ಮಿಲಾನ್‌ಗೋ ಹೊರಟರೆ ಮಾಮೂಲಿ ವೀಸಾ. ಸೇರಿಕೊಳ್ಳಲು ಹೋಗುವವರು ಸಂಗಾತಿಯ ಬೋರ್ಡಿಂಗ್ ಪಾಸ್ ಮತ್ತು ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಂಡಿರಬೇಕು.

ಉಳಿದಂತೆ ಚೀಲದಲ್ಲಿರಬೇಕಾದದ್ದು: ಅವಧಿ ಮುಗಿಯದ ಪಾಸ್‌ಪೋರ್ಟ್, ಮೂಲ ಕಾರ್ಡ್ (ಫೋನಿನಲ್ಲಿರುವ ಚಿತ್ರ ನಡೆಯುವುದಿಲ್ಲ), ಮದುವೆ ಪ್ರಮಾಣಪತ್ರ, ಅದು ಬೇರೆ ಭಾಷೆಯಲ್ಲಿದ್ದರೆ ದೃಢೀಕೃತ ಅನುವಾದ. ಕಾರ್ಡ್ ನವೀಕರಣಕ್ಕೆ ಕೊಟ್ಟಿದ್ದು ಬರೀ ಅರ್ಜಿಯ ರಶೀದಿ ಕೈಲಿದ್ದರೆ ಹೊರಡಬೇಡಿ.

ನಿಜವಾದ ಜಗ್ಗಾಟ ವಿಮಾನ ಸಂಸ್ಥೆಯ ಕೌಂಟರಿನಲ್ಲೇ. ವೀಸಾ ಇಲ್ಲದವರನ್ನು ಹತ್ತಿಸಿಕೊಂಡರೆ ಸಂಸ್ಥೆಗೆ ಸಾವಿರಗಟ್ಟಲೆ ಯೂರೋ ದಂಡ, ಹಾಗಾಗಿ ಸಿಬ್ಬಂದಿ ಅನುಮಾನ ಬಂದರೆ ಇಲ್ಲ ಅಂದುಬಿಡುತ್ತಾರೆ. ಆನ್‌ಲೈನ್ ಚೆಕ್-ಇನ್ ಮಾಡಿದ್ದರೂ ಸೆಕ್ಯುರಿಟಿಗೆ ಹೋಗುವ ಮುನ್ನ ದಾಖಲೆ ತೋರಿಸಿ ಬೋರ್ಡಿಂಗ್ ಪಾಸಿಗೆ ಮುದ್ರೆ ಹಾಕಿಸಿಕೊಳ್ಳಿ. ಗೇಟಿನಲ್ಲಿ ವಾದಿಸಲು ಸಮಯ ಇರುವುದಿಲ್ಲ. ಅವರು ಒಪ್ಪದಿದ್ದರೆ ‘ಟಿಮ್ಯಾಟಿಕ್’ ನೋಡಿ ಎನ್ನಿ. ಪ್ರವೇಶ ನಿಯಮಗಳಿಗೆ ಅವರೇ ಬಳಸುವ ದತ್ತಾಂಶ ಅದು. 2021ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಏಕರೂಪ ನಮೂನೆಯ ಕಾರ್ಡಿನಲ್ಲಿ ‘ಫ್ಯಾಮಿಲಿ ಮೆಂಬರ್ ಇಯು’ ಎಂಬ ಸಾಲಿರುತ್ತದೆ, ಬೆರಳಿಟ್ಟು ತೋರಿಸಿ. ಆಗಲೂ ಬಗ್ಗದಿದ್ದರೆ ಮೇಲ್ವಿಚಾರಕರನ್ನು ಕರೆಸಿ, ನಿರಾಕರಣೆಯ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಆಮೇಲೆ ಪರಿಹಾರ ಕೇಳುವಾಗ ಆ ಕಾಗದವೇ ಆಧಾರ.

ಗಡಿಯಲ್ಲಿ ಇಬ್ಬರೂ ಇಯು ಸಾಲಿನಲ್ಲೇ ಒಟ್ಟಿಗೆ ನಿಲ್ಲಬಹುದು. ಕಾರ್ಡ್ ತೋರಿಸಿದವರ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವಂತಿಲ್ಲ. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಬಂದ ಇಇಎಸ್ (ಷೆಂಗೆನ್ ಗಡಿಯ ಪ್ರವೇಶ-ನಿರ್ಗಮನ ದಾಖಲೆ ವ್ಯವಸ್ಥೆ) ಬೆರಳಚ್ಚು ನೋಂದಣಿಯಿಂದಲೂ ಈ ಕಾರ್ಡಿನವರಿಗೆ ವಿನಾಯಿತಿ ಇದೆ, ಆದ್ದರಿಂದ ಯಂತ್ರದ ಕಡೆ ಕಳಿಸಿದರೆ ಕಾರ್ಡ್ ಮುಂದಿಡಿ.

ಷೆಂಗೆನ್ ಒಳಗೇ ನೆಲೆಸಿದವರ ಲೆಕ್ಕ ಬೇರೆ. ಜರ್ಮನ್ ಪ್ರಜೆಯನ್ನು ಮದುವೆಯಾಗಿ ಜರ್ಮನಿಯ ನಿವಾಸ ಪರವಾನಗಿ ಪಡೆದವರು ಉಳಿದ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಒಂಟಿಯಾಗಿಯೂ ಸುತ್ತಬಹುದು. ಆದರೆ ಅದೇ ಪರವಾನಗಿ ಹಿಡಿದು ಐರ್ಲೆಂಡಿಗೆ ಬಂದಿಳಿದರೆ ವೀಸಾ ಕೇಳುತ್ತಾರೆ, ಏಕೆಂದರೆ ಐರ್ಲೆಂಡ್ ಷೆಂಗೆನ್‌ನಲ್ಲಿ ಇಲ್ಲ.

ಡಬ್ಲಿನ್‌ಗೆ ಮರಳಲು ಐರಿಷ್ ಕಾರ್ಡ್ ಸಾಕು, ಮರುಪ್ರವೇಶ ವೀಸಾವನ್ನು 2019ರ ಮೇ ತಿಂಗಳಲ್ಲೇ ತೆಗೆದಿದ್ದಾರೆ. ಬೆಲ್‌ಫಾಸ್ಟ್ ಕಡೆ ಒಂದು ದಿನ ಹೋಗಿಬರುವ ಆಸೆ ಬಂದರೆ ಮಾತ್ರ ತಡೆಯಿರಿ: ರಸ್ತೆಯಲ್ಲಿ ಯಾರೂ ತಡೆಯದಿದ್ದರೂ ಅದು ಬ್ರಿಟನ್. ಇಯು ಕುಟುಂಬ ಕಾರ್ಡ್ ಅಲ್ಲಿ ವೀಸಾದ ಬದಲಿಗೆ ನಡೆಯುವುದಿಲ್ಲ.