ಇಳಿಯದ ಐಡ್ಲಿಂಗ್ ಮತ್ತು ಕಳ್ಳಗಾಳಿ

ಇಗ್ನಿಷನ್ ಕೀಲಿಯನ್ನು ಆಫ್ ಮಾಡಿದ ಮೇಲೂ ನಮ್ಮ ಹಳೆಯ ಎಂಜಿಬಿ ಕಾರಿನ ಎಂಜಿನ್ ನಾಲ್ಕೈದು ಸೆಕೆಂಡು ಅದುರುತ್ತಾ, ಕೆಮ್ಮುತ್ತಾ ಓಡುತ್ತಲೇ ಇರುತ್ತಿತ್ತು. ಬಿಸಿಯಾದ ಎಂಜಿನ್ ಐಡ್ಲಿಂಗಿನಲ್ಲಿ, ಅಂದರೆ ಆಕ್ಸಲರೇಟರ್ ಒತ್ತದೆ ಸುಮ್ಮನೆ ಓಡುತ್ತಿರುವಾಗ, ಟ್ಯಾಕೋಮೀಟರಿನ ಮುಳ್ಳು ನಿಮಿಷಕ್ಕೆ 1600 ಸುತ್ತಿಗಿಂತ ಕೆಳಗೆ ಬರುತ್ತಿರಲಿಲ್ಲ. ಆಕ್ಸಲರೇಟರನ್ನು ಒಮ್ಮೆ ಒತ್ತಿ ಬಿಟ್ಟರೆ 2000ದ ಬಳಿ ತಂಗಿ, ಆಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಮಲ್ಲೇಶ್ವರದ ಸಂಪಿಗೆ ರಸ್ತೆಯ ದಟ್ಟಣೆಯಲ್ಲಿ ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಕಾರು ತಾನಾಗಿ ಮುಂದಕ್ಕೆ ನುಗ್ಗುತ್ತಿದ್ದುದರಿಂದ ಬ್ರೇಕಿನ ಮೇಲಿನ ಕಾಲನ್ನು ತೆಗೆಯುವಂತೆಯೇ ಇರಲಿಲ್ಲ.

ಇದು ನನ್ನ ಸೋದರಮಾವ ಬಹಳ ಅಕ್ಕರೆಯಿಂದ ಇಟ್ಟುಕೊಂಡಿದ್ದ, ಮೂರು ವರ್ಷಗಳ ಹಿಂದೆ ನನಗೆ ಒಪ್ಪಿಸಿದ 1967ರ ಗಾಡಿ. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರಿನ ಎಂಜಿನ್ 1798 ಸಿಸಿಯದು, ನಾಲ್ಕು ಸಿಲಿಂಡರಿನದು. ಅದಕ್ಕೆ ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿ ಕೊಡಲು ಎರಡು ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್‌ಗಳಿವೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ದೋಷವನ್ನು ಕಣ್ಣು, ಕಿವಿ ಮತ್ತು ಬೆರಳುಗಳಿಂದಲೇ ಹುಡುಕಬೇಕು.

ಮೊದಲು ನಾನು ಕಾರನ್ನು ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಎರಡು ದಿನ ಬಿಟ್ಟು ಹೋದಾಗ ಮುಳ್ಳು 900ಕ್ಕೆ ಇಳಿದಿತ್ತು, ನಾನು ಸಂತೋಷದಿಂದಲೇ ಹಣ ಕೊಟ್ಟು ಬಂದೆ. ಆದರೆ ಮರುವಾರ ನಂದಿ ಬೆಟ್ಟದ ಏರಿನಲ್ಲಿ ಗಾಡಿಗೆ ಎಳೆತವೇ ಇರಲಿಲ್ಲ, ಟೆಂಪರೇಚರ್ ಮುಳ್ಳು ಎಂದೂ ಹೋಗದ ಜಾಗಕ್ಕೆ ಹೋಯಿತು. ಮನೆಗೆ ಬಂದು ಟೈಮಿಂಗ್ ಲೈಟ್ ಹಿಡಿದು ನೋಡಿದಾಗ ಕಾರಣ ತಿಳಿಯಿತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೋವನ್ನು ತಿರುಗಿಸಿ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಗಳಿಗೆಯನ್ನು, ಹಿಂದಕ್ಕೆ ತಳ್ಳಿ ರೇಸ್ ಇಳಿಸಿದ್ದರು. ಕಿಡಿ ತಡವಾಗಿ ಹಾರಿದರೆ ಎಂಜಿನ್ನಿನ ಶಕ್ತಿ ಕುಂದುತ್ತದೆ, ಆದ್ದರಿಂದ ಐಡ್ಲಿಂಗ್ ಇಳಿದಂತೆ ಕಾಣುತ್ತದೆ. ಮೂಲದ ದೋಷ ಮಾತ್ರ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಎಂಜಿನ್ ಅತಿಯಾಗಿ ಬಿಸಿಯಾಗುವ ತೊಂದರೆಯೂ ಸೇರುತ್ತದೆ. ಜ್ವರ ಏಕೆ ಬಂದಿದೆ ಎಂದು ನೋಡದೆ ಥರ್ಮಾಮೀಟರನ್ನು ತಿದ್ದಿದಂತಾಯಿತು ಅದು. ನನಗೆ ನಿಜವಾಗಿಯೂ ಬೇಸರವಾಯಿತು. ಟೈಮಿಂಗನ್ನು ಮತ್ತೆ ಸರಿಯಾದ ಜಾಗಕ್ಕೆ ತಂದೆ, ಮುಳ್ಳು ಮತ್ತೆ 1600ಕ್ಕೆ ಏರಿತು. ಅಲ್ಲಿಂದ ಹುಡುಕಾಟ ಶುರುವಾಯಿತು.

ಕಾರ್ಬ್ಯುರೇಟರ್ ಇರುವ ಎಂಜಿನ್ನಿನ ಐಡ್ಲಿಂಗ್ ಹೆಚ್ಚಾಗಿದೆ, ಟೈಮಿಂಗ್ ಸರಿ ಇದೆ ಎಂದಾದರೆ, ಬೇಕಾದುದಕ್ಕಿಂತ ಹೆಚ್ಚು ಗಾಳಿ ಎಲ್ಲಿಂದಲೋ ಒಳಗೆ ಹೋಗುತ್ತಿದೆ ಎಂದೇ ಅರ್ಥ. ಅದು ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ಡಿಸ್ಕ್ ಪೂರ್ತಿ ಮುಚ್ಚಿಕೊಳ್ಳದೆ ಅದರ ಅಂಚಿನಿಂದ ಹೋಗುತ್ತಿರಬಹುದು, ಇಲ್ಲವೇ ಡಿಸ್ಕನ್ನು ತಪ್ಪಿಸಿಕೊಂಡು ಬೇರೆ ದಾರಿಯಿಂದ ಹೋಗುತ್ತಿರಬಹುದು. ನಾನು ಎರಡೂ ಕಾರ್ಬ್ಯುರೇಟರಿನ ಐಡ್ಲಿಂಗ್ ಸ್ಕ್ರೂಗಳನ್ನು ಪೂರ್ತಿ ಸಡಿಲಿಸಿದೆ. ಆರೋಗ್ಯವಾಗಿರುವ ಎಂಜಿನ್ ಹಾಗೆ ಮಾಡಿದರೆ ನಿಂತೇ ಹೋಗಬೇಕು. ನಮ್ಮದು 1500ರಲ್ಲಿ ಓಡುತ್ತಲೇ ಇತ್ತು. ಆಕ್ಸಲರೇಟರ್ ಕೇಬಲನ್ನು ಕಳಚಿದೆ, ಬದಲಾವಣೆಯಿಲ್ಲ. ಚೋಕ್ ಎಳೆದಾಗ, ಪೆಟ್ರೋಲ್ ಬರುವ ಸಣ್ಣ ಕೊಳವೆಯಾದ ಜೆಟ್ ಕೆಳಗಿಳಿಯುವುದರ ಜೊತೆಗೆ ಒಂದು ಕ್ಯಾಮ್ ತಿರುಗಿ ಥ್ರಾಟಲನ್ನೂ ತುಸು ತೆರೆಯುತ್ತದೆ. ಚೋಕ್ ಒಳಗಿರುವಾಗ ಆ ಕ್ಯಾಮಿಗೂ ಅದರ ಸ್ಕ್ರೂವಿಗೂ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಇರಬೇಕು. ಅದೂ ಇತ್ತು.

ಹಾಗಾದರೆ ಕಳ್ಳದಾರಿಯೇ ಇರಬೇಕು. ಏರ್ ಫಿಲ್ಟರುಗಳನ್ನು ತೆಗೆದು, ಕಾರ್ಬ್ಯುರೇಟರುಗಳ ಎರಡೂ ಬಾಯಿಗಳನ್ನು ಅಂಗೈಗಳಿಂದ ಒಟ್ಟಿಗೆ ಮುಚ್ಚಿದೆ. ಎಂಜಿನ್ ತಕ್ಷಣ ನಿಲ್ಲಲಿಲ್ಲ, ಕುಂಟುತ್ತಾ ಕೆಲವು ಸುತ್ತು ಓಡಿತು. ಗಾಳಿ ಬೇರೆಲ್ಲಿಂದಲೋ ಸಿಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಬಿಸಿ ಎಂಜಿನ್ನಿನ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವವರಿದ್ದಾರೆ. ಬೆಂಕಿಯ ಭಯದಿಂದ ನಾನು ಅದನ್ನು ಮಾಡುವುದಿಲ್ಲ. ಗಿಡಗಳಿಗೆ ನೀರು ಸಿಂಪಡಿಸುವ ಚಿಕ್ಕ ಬಾಟಲಿ ಸಾಕು: ಸೋರುವ ಸಂದಿಗೆ ನೀರು ಬಿದ್ದರೆ ಅದು ಕ್ಷಣಕಾಲ ಮುಚ್ಚಿಕೊಂಡು ಎಂಜಿನ್ನಿನ ಸದ್ದು ಬದಲಾಗುತ್ತದೆ. ಕಾರ್ಬ್ಯುರೇಟರಿನಿಂದ ಎಂಜಿನ್ನಿಗೆ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡಿನ ಪ್ಯಾಕಿಂಗಿನ ಉದ್ದಕ್ಕೂ ಸಿಂಪಡಿಸಿದೆ, ಏನೂ ಆಗಲಿಲ್ಲ. ಮುಂದಿನ ಕಾರ್ಬ್ಯುರೇಟರಿನ ಸ್ಪಿಂಡಲಿನ (ಥ್ರಾಟಲ್ ಡಿಸ್ಕನ್ನು ತಿರುಗಿಸುವ ಕಡ್ಡಿಯ) ತುದಿಗೆ ಸಿಂಪಡಿಸಿದಾಗ ಸದ್ದು ಚೂರು ತಗ್ಗಿತು. ಹಿಂದಿನದರ ತುದಿಗೆ ಸಿಂಪಡಿಸಿದಾಗ ಮುಳ್ಳು 300ರಷ್ಟು ಕೆಳಗೆ ಬಿದ್ದು, ನೀರು ಒಳಗೆ ಹೋದ ಮೇಲೆ ಮತ್ತೆ ಮೇಲಕ್ಕೆ ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ ಆಯಿತು.

ಕಾರ್ಬ್ಯುರೇಟರನ್ನು ಇಳಿಸಿ ಮೇಜಿನ ಮೇಲಿಟ್ಟು ಸ್ಪಿಂಡಲನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದರೆ ಟಕ್ ಟಕ್ ಎಂಬ ಸದ್ದು ಕಿವಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹೆಚ್ಚುಕಡಿಮೆ ಎಂಟು ಮಿಲಿಮೀಟರ್ ದಪ್ಪದ ಆ ಕಡ್ಡಿಯನ್ನು ಹೊರಗೆಳೆದು ಬೆಳಕಿಗೆ ಹಿಡಿದಾಗ, ಬಾಡಿಯೊಳಗೆ ತಿರುಗುವ ಜಾಗದಲ್ಲಿ ಒಂದು ಬದಿ ಮಾತ್ರ ಸವೆದು ಮೆಟ್ಟಿಲು ಬಿದ್ದಿತ್ತು. ಉಗುರನ್ನು ಅದರ ಮೇಲೆ ಎಳೆದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ರಿಟರ್ನ್ ಸ್ಪ್ರಿಂಗ್ ಅದನ್ನು ಒಂದೇ ದಿಕ್ಕಿಗೆ ಎಳೆದಿದ್ದರ ಗುರುತು ಅದು.

ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಕೊನೆಗೆ ಪೀಣ್ಯದಲ್ಲಿ ಸಣ್ಣ ಲೇತ್ ಅಂಗಡಿ ಇಟ್ಟಿರುವ ಹಿರಿಯರೊಬ್ಬರ ಬಳಿಗೆ ಹೋದೆ. ಅವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟರ್ನರ್ ಆಗಿ ದುಡಿದು ನಿವೃತ್ತರಾದವರು. ನಾನು ತರಿಸಿಟ್ಟಿದ್ದ ಹೊಸ ಸ್ಪಿಂಡಲನ್ನು ಬಾಡಿಯೊಳಗೆ ತೂರಿಸಿ, ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಅಲುಗಿಸಿ ನೋಡಿ, “ಸ್ಪಿಂಡಲ್ ಒಂದನ್ನೇ ಬದಲಾಯಿಸಿದರೆ ಆಟ ಹೋಗೋದಿಲ್ಲ ಸರ್, ಬಾಡಿನೂ ಅಂಡಾಕಾರ ಆಗಿದೆ. ಬುಶ್ ಹಾಕಲೇಬೇಕು” ಎಂದರು. ಬಾಡಿಯನ್ನು ಒಂದೇ ಸಲ ಕಟ್ಟಿ, ಬಿಚ್ಚದೆ, ಎರಡೂ ಬದಿಯ ತೂತುಗಳನ್ನು ಒಂದೇ ರೇಖೆಯಲ್ಲಿ ಕೊರೆದು ಗನ್‌ಮೆಟಲ್ ಬುಶ್, ಅಂದರೆ ಲೋಹದ ಒಳಬಳೆ, ಕೂರಿಸಿದರು. ರೇಖೆ ಕೂದಲೆಳೆಯಷ್ಟು ತಪ್ಪಿದರೂ ಸ್ಪಿಂಡಲ್ ಬಿಗಿಯಾಗಿ ಥ್ರಾಟಲ್ ಸಿಕ್ಕಿಕೊಳ್ಳುತ್ತದೆ, ಆಗ ಐಡ್ಲಿಂಗ್ ಇಳಿಯದಿರುವುದಕ್ಕೆ ಹೊಸ ಕಾರಣ ಸಿಕ್ಕಂತಾಗುತ್ತದೆ. ಎರಡು ಕಾರ್ಬ್ಯುರೇಟರುಗಳಿಗೆ ಅವರು ಒಂದು ಇಡೀ ದಿನ ತೆಗೆದುಕೊಂಡರು. ಇಂಥ ಕೈಗಳು ಈ ಊರಿನಲ್ಲಿ ಇನ್ನೂ ಇವೆ ಎಂಬುದು ಹಳೆಯ ಗಾಡಿ ಇಟ್ಟುಕೊಂಡವರಿಗೆ ದೊಡ್ಡ ಧೈರ್ಯ.

ಜೋಡಿಸುವಾಗ ಅವಸರ ಮಾಡಬಾರದಾದ ಒಂದು ಜಾಗವಿದೆ. ಡಿಸ್ಕನ್ನು ಸ್ಪಿಂಡಲಿಗೆ ಹಿಡಿಸುವ ಎರಡು ಪುಟ್ಟ ಸ್ಕ್ರೂಗಳನ್ನು ಸಡಿಲವಾಗಿಟ್ಟು, ಥ್ರಾಟಲನ್ನು ಕೆಲವು ಸಲ ಟಪ್ಪೆಂದು ಮುಚ್ಚಿ, ಡಿಸ್ಕ್ ತಾನಾಗಿ ನಡುವಿಗೆ ಕೂತ ಮೇಲೆಯೇ ಬಿಗಿ ಮಾಡಬೇಕು. ಆ ಸ್ಕ್ರೂಗಳ ತುದಿ ಸೀಳಿರುತ್ತದೆ. ಬಿಗಿ ಮಾಡಿದ ಮೇಲೆ ಸೀಳನ್ನು ಅಗಲಿಸದಿದ್ದರೆ ಅವು ಎಂದಾದರೊಂದು ದಿನ ಸಡಿಲವಾಗಿ ನೇರವಾಗಿ ಸಿಲಿಂಡರಿನೊಳಗೆ ಬೀಳುತ್ತವೆ.

ಆಮೇಲೆ ಟ್ಯೂನಿಂಗ್. ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದು, ಎರಡರ ಸುಯ್ಯೆಂಬ ಸದ್ದು ಒಂದೇ ಆಗುವವರೆಗೆ ಸ್ಕ್ರೂಗಳನ್ನು ತಿರುಗಿಸಿದೆ. ಮಿಶ್ರಣವನ್ನು ನೋಡಲು ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಬೇಕು. ರೇಸ್ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು, ತಕ್ಷಣ ಕುಸಿದರೆ ಕಡಿಮೆ, ಕ್ಷಣಮಾತ್ರ ಏರಿ ಮರಳಿದರೆ ಸರಿ. ಕೈಪಿಡಿಯ ಅಂಕಿಗಳನ್ನು ಇಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ತೆಳುಗಾಳಿಯಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ಬಂಕುಗಳಲ್ಲಿ ಈಗ ಸಿಗುವ ಶೇ 20ರ ಎಥನಾಲ್ ಬೆರೆತ ಪೆಟ್ರೋಲ್ ಅದಕ್ಕೆ ವಿರುದ್ಧವಾಗಿ ಮಿಶ್ರಣವನ್ನು ತೆಳುವಾಗಿಸುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇಲ್ಲದಂತೆ ಮಾಡುತ್ತದೆ. ನಮ್ಮ ಗಾಡಿಯಲ್ಲಿ ಎರಡೂ ಕಳೆದು ಉಳಿದದ್ದು ಸ್ವಲ್ಪ ತೆಳುವಾದ ಮಿಶ್ರಣ. ಪೆಟ್ರೋಲ್ ಹೆಚ್ಚಿಸಲು ಜೆಟ್ಟಿನ ನಟ್ಟನ್ನು ಒಂದೊಂದೇ ಮಗ್ಗುಲು ತಿರುಗಿಸುತ್ತಾ ಎರಡು ಮಗ್ಗುಲು ಕೆಳಗಿಳಿಸಿದ ಮೇಲೆ ಎಂಜಿನ್ ಒಪ್ಪಿಕೊಂಡಿತು.

ಈಗ ಬಿಸಿ ಎಂಜಿನ್ 800ರಲ್ಲಿ ನಿಲ್ಲುತ್ತದೆ. ಮೊನ್ನೆ ಯಶವಂತಪುರದಿಂದ ಮನೆಯವರೆಗೆ ಮುಕ್ಕಾಲು ಗಂಟೆ ದಟ್ಟಣೆಯಲ್ಲಿ ತೆವಳಿಕೊಂಡು ಬಂದು, ಗೇಟಿನೊಳಗೆ ನಿಲ್ಲಿಸಿ ಕೀಲಿ ತಿರುಗಿಸಿದೆ. ಎಂಜಿನ್ ಅದೇ ಕ್ಷಣಕ್ಕೆ ನಿಂತಿತು. ಕೇಳಿಸಿದ್ದು ರೇಡಿಯೇಟರಿನ ಸಣ್ಣ ಗುಳುಗುಳು ಮಾತ್ರ. ಇನ್ನು ಪೆಟ್ರೋಲಿನ ಹಳೆಯ ರಬ್ಬರ್ ಹೋಸುಗಳು ಉಳಿದಿವೆ. ಎಥನಾಲಿಗೆ ಅವು ಬಹಳ ದಿನ ತಾಳುವುದಿಲ್ಲ, ಬರುವ ಭಾನುವಾರ ಅವನ್ನು ಬದಲಾಯಿಸುತ್ತೇನೆ.