7,800 ಕಿಲೋಮೀಟರಿಗೆ 13 ಗಂಟೆ ಹೇಗಾಯ್ತು?

ಗೆಳತಿಯೊಬ್ಬಳು ಟೋಕಿಯೋದಿಂದ ಫಿನ್‌ಲ್ಯಾಂಡಿನ ಹೆಲ್ಸಿಂಕಿಗೆ ಹೊರಟಿದ್ದಳು. ಎಷ್ಟು ಹೊತ್ತು ಕೂತಿರಬೇಕು ಅಂತ ಕೇಳಿದಳು. ನಾನು ನೆಟ್‌ನಲ್ಲಿ ದೂರ ಹುಡುಕಿದೆ, ಸುಮಾರು 7,800 ಕಿಲೋಮೀಟರ್ ಅಂತ ಬಂತು. ವಿಮಾನ ಗಂಟೆಗೆ ಹೆಚ್ಚುಕಮ್ಮಿ 900 ಕಿಲೋಮೀಟರ್ ಹೋಗುತ್ತದೆ, ಭಾಗಿಸಿದೆ, ಏರುವುದಕ್ಕೆ ಇಳಿಯುವುದಕ್ಕೆ ಅಂತ ಇನ್ನೊಂದಿಷ್ಟು ಸೇರಿಸಿ ಒಂಬತ್ತೂವರೆ ಗಂಟೆ ಅಂತ ಹೇಳಿಬಿಟ್ಟೆ. ಅವಳ ಟಿಕೆಟ್‌ನಲ್ಲಿ 13 ಗಂಟೆ ಅಂತಿತ್ತು. ಅದೂ ಎಲ್ಲೂ ನಿಲ್ಲದ ನೇರ ವಿಮಾನ.

ಲೆಕ್ಕ ತಪ್ಪಿರಲಿಲ್ಲ. 2022ಕ್ಕೆ ಮೊದಲು ಈ ದಾರಿಗೆ ಒಂಬತ್ತೂವರೆ, ಹತ್ತು ಗಂಟೆಯೇ ಸಾಕಾಗುತ್ತಿತ್ತು. ಆಗ ಸೀದಾ ರಷ್ಯಾದ ಸೈಬೀರಿಯಾದ ಮೇಲೆ ಹೋಗುತ್ತಿದ್ದರು. ಆ ವರ್ಷ ಫೆಬ್ರವರಿ ಕೊನೆಗೆ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿತು. ಈಗ ಒಂದೋ ಕೆಳಗಿನಿಂದ ಚೀನಾ, ಕಜಕಸ್ತಾನದ ಕಡೆಯಿಂದ ಸುತ್ತಬೇಕು, ಇಲ್ಲ ಮೇಲೆ ಅಲಾಸ್ಕಾ ಪಕ್ಕದಿಂದ ಹಾದು ಉತ್ತರ ಧ್ರುವದ ಮೇಲೆ ಬರಬೇಕು. ಚೀನಾದಂಥ ಕೆಲವು ದೇಶಗಳ ವಿಮಾನಗಳು ಈಗಲೂ ರಷ್ಯಾದ ಮೇಲೆ ಹಾರುತ್ತವೆ, ಹಾಗಾಗಿ ಯಾವುದೇ ಎರಡು ಊರಿನ ನಡುವೆ ಒಂದೊಂದು ಕಂಪನಿಯ ವಿಮಾನಕ್ಕೆ ಒಂದೊಂದು ಸಮಯ ಬೇಕಾಗಬಹುದು.

ನೆಟ್‌ನಲ್ಲಿ ಸಿಗುವ ದೂರ ಅಂದರೆ ಗ್ಲೋಬಿನ ಮೇಲೆ ಎರಡು ಊರಿನ ನಡುವೆ ದಾರ ಬಿಗಿಯಾಗಿ ಎಳೆದು ಹಿಡಿದರೆ ಎಷ್ಟಾಗುತ್ತದೋ ಅಷ್ಟು. ಚಪ್ಪಟೆ ಮ್ಯಾಪಿನಲ್ಲಿ ಅದೇ ಗೆರೆ ಬಿಲ್ಲಿನ ಹಾಗೆ ಬಾಗಿ ಕಾಣುತ್ತದೆ. ಲಂಡನ್‌ನಿಂದ ಲಾಸ್ ಏಂಜಲೀಸ್‌ಗೆ ಹೋಗುವವರು ಕಿಟಕಿಯಲ್ಲಿ ಗ್ರೀನ್‌ಲ್ಯಾಂಡ್ ಕಂಡು ಇದೇನು ಅಂತ ಗಾಬರಿ ಬೀಳುವುದು ಅದಕ್ಕೇ. ಆ ದಾರದ ಮೇಲೇ ಕೂದಲೆಳೆ ತಪ್ಪದೆ ಹಾರುವ ವಿಮಾನ ಇಲ್ಲ.

ಇನ್ನು ಗಾಳಿ. ಇದು ನನಗೆ ತುಂಬಾ ಇಷ್ಟದ ಭಾಗ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅಂತ ಜೋರಾದ ಗಾಳಿ ಹೊಳೆಯ ಹಾಗೆ ಹರಿಯುತ್ತಿರುತ್ತದೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಸುಮಾರು 5,500 ಕಿಲೋಮೀಟರ್. ಹೋಗುವಾಗ ಗಾಳಿಗೆ ಎದುರಾಗಿ ಎಂಟು ಗಂಟೆ ಹತ್ತಿರ, ಬರುವಾಗ ಏಳು, ಕೆಲವೊಮ್ಮೆ ಅದಕ್ಕೂ ಕಮ್ಮಿ. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಬೆನ್ನಿಗಿದ್ದಾಗ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಯೊಳಗೇ ಬಂದಿತ್ತು! ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು, ಆದರೂ ಶಬ್ದದ ವೇಗ ಮೀರಿರಲಿಲ್ಲ, ಯಾಕಂದರೆ ಗಾಳಿಯೇ ಅದನ್ನು ಹೊತ್ತು ತರುತ್ತಿತ್ತು. (ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಅಂತ ವಾದ ಮಾಡುವವರು ಈಗಲೂ ಸಿಗುತ್ತಾರೆ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತೆ ಅಲ್ವಾ, ಬರೀ ತಿರುಗುವುದರಿಂದ ಗಂಟೆ ಉಳಿಯಲ್ಲ.)

ಟಿಕೆಟ್‌ನಲ್ಲಿರುವುದು ಬರೀ ಹಾರುವ ಹೊತ್ತೂ ಅಲ್ಲ. ಗೇಟಿನಿಂದ ಹಿಂದೆ ಸರಿದಾಗಿನಿಂದ ಆ ಕಡೆ ಗೇಟಿಗೆ ಬಂದು ನಿಲ್ಲುವವರೆಗಿನದ್ದು, ರನ್‌ವೇ ಹತ್ತಿರ ಸಾಲಿನಲ್ಲಿ ಕಾಯುವುದೂ ಸೇರಿ. ಹೊರಡುವ ಸಮಯ, ಇಳಿಯುವ ಸಮಯ ಎರಡೂ ಆಯಾ ಊರಿನ ಗಡಿಯಾರದ್ದು, ಒಂದರಿಂದ ಇನ್ನೊಂದನ್ನು ಕಳೆಯಲು ಹೋಗಬೇಡಿ. ಟೋಕಿಯೋದಲ್ಲಿ ಸಂಜೆ ಐದಕ್ಕೆ ಹತ್ತಿದವರು ಲಾಸ್ ಏಂಜಲೀಸ್‌ನಲ್ಲಿ ಅದೇ ದಿನ ಬೆಳಿಗ್ಗೆ ಇಳಿಯುತ್ತಾರೆ.

ಈಗ ನಾನು ಭಾಗಿಸುವುದನ್ನೇ ಬಿಟ್ಟಿದ್ದೇನೆ. ವಿಮಾನ ಎಲ್ಲಿದೆ ಅಂತ ತೋರಿಸುವ ಟ್ರ್ಯಾಕರ್‌ನಲ್ಲಿ ಫ್ಲೈಟ್ ನಂಬರ್ ಹಾಕಿ ಕಳೆದ ವಾರ ಅದೇ ವಿಮಾನ ನಿಜಕ್ಕೂ ಎಷ್ಟು ಹೊತ್ತು ತಗೊಂಡಿತು ಅಂತ ನೋಡಿಬಿಡುತ್ತೇನೆ. ಗೆಳತಿ ಹೊರಟ ದಿನವೂ ಟ್ರ್ಯಾಕರ್ ತೆರೆದಿಟ್ಟಿದ್ದೆ. ನಾನು ಹೇಳಿದ್ದ ಒಂಬತ್ತೂವರೆ ಗಂಟೆ ಮುಗಿದಾಗ ಅವಳ ವಿಮಾನ ಆಗ ತಾನೇ ಉತ್ತರ ಧ್ರುವ ದಾಟಿತ್ತು.