ಗೋರ್ಖಾದ ಆಸ್ಪತ್ರೆಗೆ ವಾಲಂಟಿಯರ್ ಆಗಿ ಹೋಗುವವರಿಗೆ

ಎಂಬಿಬಿಎಸ್ ಓದುತ್ತಾ ನೇಪಾಳದ ಆಸ್ಪತ್ರೆಯಲ್ಲಿ ಸ್ವಲ್ಪ ದಿನ ಸೇವೆ ಮಾಡಿ ಬರೋಣ ಅಂದುಕೊಂಡಿದ್ದೀರಾ? ಹಾಗಾದರೆ ಮೊದಲನೇ ಮಾತು: ವಾಲಂಟಿಯರ್‌ಗಳನ್ನು ಕಳಿಸಿಕೊಡುವ ನಡುವಿನ ಕಂಪನಿಗಳಿಗೆ ದುಡ್ಡು ಕಟ್ಟಬೇಡಿ. ಒಂದು ಕಂಪನಿ ನನ್ನಿಂದ 40,000 ರೂಪಾಯಿ ತೆಗೆದುಕೊಂಡಿತು. ಅದರಲ್ಲಿ ಬಹುಪಾಲು ಆಸ್ಪತ್ರೆಯ ಔಷಧಿಗೆ ಹೋಗುತ್ತದೆ ಅಂದಿದ್ದರು. ಗೋರ್ಖಾ ಜಿಲ್ಲೆಯ ಆ ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗಿ ಕೇಳಿದರೆ, ಅವರ ಕೈಗೆ ಒಂದು ಪೈಸೆಯೂ ಬಂದಿರಲಿಲ್ಲ. ನಾವು ಬರುತ್ತೇವೆ ಅನ್ನೋದೇ ಅವರಿಗೆ ಹಿಂದಿನ ದಿನ ಗೊತ್ತಾಗಿತ್ತು. ಫೀಸಿನಲ್ಲೇ ಸೇರಿದೆ ಅಂದಿದ್ದ ರೂಮಿಗೂ ಅಲ್ಲಿ ಮತ್ತೆ ಬಾಡಿಗೆ ಕೇಳಿದರು. ತಣ್ಣೀರು, ಮೂವರಿಗೆ ಒಂದು ರೂಮು, ಇದೆಲ್ಲ ನನಗೆ ಕಷ್ಟವೇ ಅಲ್ಲ. ಆದರೆ ಬಡ ರೋಗಿಗಳ ಹೆಸರು ಹೇಳಿ ವಿದ್ಯಾರ್ಥಿಗಳ ಹತ್ತಿರ ದುಡ್ಡು ಕೀಳುವುದು ಅನ್ಯಾಯ.

ಆಸ್ಪತ್ರೆಗೆ ನೀವೇ ಪತ್ರ ಬರೆಯಿರಿ. ಯಾವ ಡಾಕ್ಟರ ಕೈಕೆಳಗೆ ಕೆಲಸ, ಏನೇನು ಮಾಡಬಹುದು ಅನ್ನೋದನ್ನು ಬರಹದಲ್ಲೇ ತರಿಸಿಕೊಳ್ಳಿ. ಇನ್ನೊಂದು ದಾರಿಯೂ ಇದೆ. ಹಲವು ದೇಶಗಳ ವೈದ್ಯ ವಿದ್ಯಾರ್ಥಿ ಸಂಘಗಳು ಸೇರಿ 1951ರಲ್ಲಿ ಕಟ್ಟಿದ ಐಎಫ್‌ಎಂಎಸ್‌ಎ ಮೂಲಕ ವಿನಿಮಯ ಕಾರ್ಯಕ್ರಮಗಳು ನಡೆಯುತ್ತವೆ. ಅದನ್ನು ಮೊದಲು ವಿಚಾರಿಸಿ.

ಆ ಕಂಪನಿಯ ಜಾಹೀರಾತಿನಲ್ಲಿ 'ನೀವೇ ಹೊಲಿಗೆ ಹಾಕಿ, ನೀವೇ ಹೆರಿಗೆ ಮಾಡಿಸಿ' ಅಂತಿತ್ತು. ಈ ಆಸೆಗೆ ಬೀಳಬೇಡಿ. ಓದು ಮುಗಿಸಿದ ವಿದೇಶಿ ಡಾಕ್ಟರುಗಳೇ ಅಲ್ಲಿ ಕೆಲಸ ಮಾಡಲು ನೇಪಾಳ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ಬಿಳಿ ಕೋಟು ಕಂಡ ಕೂಡಲೇ ಹಳ್ಳಿಯವರು ಡಾಕ್ಟರ್ ಸಾಬ್ ಅಂತ ಕೈಮುಗಿಯುತ್ತಾರೆ. ನಾನಿನ್ನೂ ವಿದ್ಯಾರ್ಥಿ ಅಂತ ಪ್ರತಿಯೊಬ್ಬರಿಗೂ ಹೇಳಿ. ನಿಮ್ಮ ಕಾಲೇಜಿನಲ್ಲಿ ಮಾಡಲು ಬಿಡದ ಕೆಲಸವನ್ನು ಅಲ್ಲೂ ಮಾಡಬೇಡಿ.

ಹಾಗಂತ ಸುಮ್ನೆ ನಿಂತು ನೋಡಬೇಕಿಲ್ಲ. ಕೇಸ್ ಹಿಸ್ಟರಿ, ಅಂದರೆ ರೋಗಿಯ ಕಾಯಿಲೆಯ ಹಿನ್ನೆಲೆ, ಸರಿಯಾಗಿ ಬರೆದುಕೊಟ್ಟರೆ ಅದೇ ದೊಡ್ಡ ಸಹಾಯ. ಅಲ್ಲಿ ಎಲ್ಲ ಚೀಟಿಯಲ್ಲೂ ನೇಪಾಳದ ಕ್ಯಾಲೆಂಡರ್ ಆದ ವಿಕ್ರಮ ಸಂವತ್ತಿನ ತಾರೀಕು ಇರುತ್ತದೆ, ನಮ್ಮ ಇಸವಿಗಿಂತ 56-57 ವರ್ಷ ಮುಂದೆ. ಬಸುರಿ ಹೆಂಗಸು ಕೊನೆಯ ಮುಟ್ಟು ಅಸಾರ್ 5 ಅಂದರೆ ನಮ್ಮ ಪಂಚಾಂಗದ ಆಷಾಢ ಅಂದುಕೊಳ್ಳಬೇಡಿ. ಅವರ ತಿಂಗಳು ಸೌರಮಾನದ್ದು, ಅಸಾರ್ ಶುರುವಾಗುವುದು ಜೂನ್ ಮಧ್ಯಕ್ಕೆ. ಲೆಕ್ಕ ತಪ್ಪಿದರೆ ಗರ್ಭದ ವಾರಗಳೇ ತಪ್ಪುತ್ತವೆ. ತಾರೀಕು ಬದಲಿಸಿ ತೋರಿಸುವ ಆ್ಯಪ್ ಒಂದನ್ನು ಮೊದಲೇ ಹಾಕಿಕೊಂಡು ಹೋಗಿ.

ಪೇಟೆಯಲ್ಲಿ ಹಿಂದಿ ನಡೆಯುತ್ತದೆ. ಮೇಲಿನ ಹಳ್ಳಿಗಳ ಅಜ್ಜಿಯರು ಗುರುಂಗ್, ಮಗರ್, ತಮಾಂಗ್ ಭಾಷೆ ಆಡುತ್ತಾರೆ. ಜೊತೆಗೆ ಬಂದ ಮೊಮ್ಮಗನ ಕೈಲಿ ಕೇಳಿಸಿದರೆ ಹೊಟ್ಟೆನೋವು ಅಂತಷ್ಟೇ ಉತ್ತರ ಬರುತ್ತದೆ. ರಕ್ತಸ್ರಾವದ ಮಾತು ಅವನೆದುರು ಬರುವುದಿಲ್ಲ, ಅಲ್ವಾ? ಅದೇ ಭಾಷೆ ಬಲ್ಲ ನರ್ಸನ್ನು ಕರೆಯಿರಿ. ದಮ್ಮು ಅಂತ ಬರುವ ಹೆಂಗಸರಿಗೆ ಬೀಡಿ ಸೇದುತ್ತೀರಾ ಅಂತಷ್ಟೇ ಕೇಳಿ ಬಿಡಬೇಡಿ, ಒಲೆ ಎಲ್ಲಿದೆ ಅಂತಲೂ ಕೇಳಿ. ಮುಚ್ಚಿದ ಅಡುಗೆಮನೆಯ ಕಟ್ಟಿಗೆ ಹೊಗೆಯೇ ಎಷ್ಟೋ ಜನರ ಶ್ವಾಸಕೋಶ ಕೆಡಿಸಿದೆ. ಅವಕಾಶ ಸಿಕ್ಕರೆ ಊರಿನ ಮಹಿಳಾ ಆರೋಗ್ಯ ಸ್ವಯಂಸೇವಕಿಯ ಜೊತೆ ಮನೆಮನೆಗೆ ಹೋಗಿ. ನೇಪಾಳ 1988ರಲ್ಲಿ ಶುರುಮಾಡಿದ ವ್ಯವಸ್ಥೆ ಇದು, ಈಗ ಸುಮಾರು 50,000 ಹೆಂಗಸರಿದ್ದಾರೆ. ಮಕ್ಕಳಿಗೆ ವಿಟಮಿನ್ ಎ, ಬಸುರಿಯರಿಗೆ ಕಬ್ಬಿಣದ ಮಾತ್ರೆ ತಲುಪಿಸುವವರು ಇವರೇ. ಒಪಿಡಿಗಿಂತ (ಹೊರರೋಗಿಗಳ ವಿಭಾಗ) ಜಾಸ್ತಿ ನಾನು ಕಲಿತದ್ದು ಇವರ ಹಿಂದೆ ನಡೆದಾಗ.

ಬಸ್ಸಿನ ವಿಷಯ. ಕಠ್ಮಂಡುವಿನ ಕಲಂಕಿಯಲ್ಲಿ ಎಸಿ ಬಸ್ ಅಂತ ಟಿಕೆಟ್ ಕೊಟ್ಟರು. ಬಂದದ್ದು ಕಿಟಕಿ ಮುಚ್ಚಲಾಗದ ಹಳೇ ಬಸ್. ಸೀಟುಗಳ ನಡುವಿನ ದಾರಿಯಲ್ಲಿ ಮೋಡಾ, ಅಂದರೆ ಗಿಡ್ಡ ಸ್ಟೂಲು, ಹಾಕಿ ಜನರನ್ನು ಕೂರಿಸಿದರು. ನಾಗಢುಂಗಾ ಇಳಿಜಾರಿನಲ್ಲಿ ಲಾರಿಗಳ ಸಾಲು, ಆಮೇಲೆ ರಸ್ತೆ ಅಗಲ ಮಾಡುವ ಧೂಳು. ಗೋರ್ಖಾಕ್ಕೆ ತಿರುಗುವ ಆಂಬುಖೈರೇನಿವರೆಗೆ ಮಂಡಿ ಮಡಚಿಕೊಂಡೇ ಕೂತೆ. ಎರಡನೇ ಸಲ ಆ ಬಸ್ ಹತ್ತಲಾರೆ. ಮೈಕ್ರೋ ವ್ಯಾನ್‌ಗೆ ಸ್ವಲ್ಪ ಜಾಸ್ತಿ ಕೊಟ್ಟು ಬೆಳಗಿನ ಜಾವವೇ ಹೊರಡಿ. ಮಳೆಗಾಲದಲ್ಲಿ ರಾತ್ರಿ ಪ್ರಯಾಣ ಬೇಡವೇ ಬೇಡ. 2024ರ ಜುಲೈ 12ರಂದು ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿ ಪಾಲಾದವು.

ಇಷ್ಟೆಲ್ಲ ಬೇಸರ ಮರೆಸಿದ್ದು ಆಸ್ಪತ್ರೆ ಗೇಟಿನ ಎದುರಿನ ತಗಡಿನ ಹೋಟೆಲು. ನಡೆಸುವವರು ಒಬ್ಬ ದಿದಿ, ಅಂದರೆ ಅಕ್ಕ. 200 ನೇಪಾಳಿ ರೂಪಾಯಿಗೆ, ಅಂದರೆ ನಮ್ಮ 125ಕ್ಕೆ, ದಾಲ್ ಭಾತ್. ಬಿಸಿ ಅನ್ನ, ಜಿಂಬು ಅನ್ನುವ ಒಣಸೊಪ್ಪಿನ ಒಗ್ಗರಣೆಯ ಕಪ್ಪು ಉದ್ದಿನ ದಾಲ್, ಸಾಸಿವೆ ಸೊಪ್ಪು, ಆಲೂಗಡ್ಡೆ ಪಲ್ಯ, ಮೂಲಂಗಿ ಉಪ್ಪಿನಕಾಯಿ. ತಟ್ಟೆ ಖಾಲಿಯಾಗುವ ಮೊದಲೇ ಮತ್ತೆ ಬಡಿಸುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಹಿಂದಿನ ದಿನ ಹೇಳಿದರೆ ಢಿಂಡೋ ಮಾಡಿಕೊಡುತ್ತಾರೆ. ಅವರ ಕೋದೋ ಅಂದರೆ ನಮ್ಮ ರಾಗಿಯೇ, ಹಾಗಾಗಿ ಢಿಂಡೋ ನಮ್ಮ ಮುದ್ದೆಯ ಹಾಗೇ, ಸ್ವಲ್ಪ ಮೆತ್ತಗೆ. ಹುಳಿ ಬರಿಸಿ ಒಣಗಿಸಿದ ಸೊಪ್ಪು ಗುಂದ್ರುಕ್. ಅದರ ಸಾರಿನಲ್ಲಿ ಅದ್ದಿ ನುಂಗಿದರೆ ಗುಡ್ಡದ ಚಳಿಗೆ ಹೇಳಿ ಮಾಡಿಸಿದ ಊಟ. ನಮ್ಮ ಜೊತೆಯ ನರ್ಸುಗಳು, ರೋಗಿಗಳ ಮನೆಯವರು ಎಲ್ಲ ಒಂದೇ ಬೆಂಚಿನಲ್ಲಿ ಉಣ್ಣುತ್ತಿದ್ದರು. ಒಂದು ನೆನಪಿಡಿ: ಅಲ್ಲಿ ಅನ್ನದ ಊಟ ಬೆಳಗ್ಗೆ ಹತ್ತರ ಹೊತ್ತಿಗೆ. ಒಂದು ಗಂಟೆಗೆ ಹೋದರೆ ಚೌಚೌ, ಅಂದರೆ ನೂಡಲ್ಸ್, ಮಾತ್ರ.

ಪ್ರವಾಸಿಗರ ಊರು ಪೋಖರಾದ ಬಗ್ಗೆ ಬರೆಯುವುದಿಲ್ಲ, ಅಲ್ಲಿನ ಜನಜಂಗುಳಿ ನನಗೆ ಹಿಡಿಸಲಿಲ್ಲ. ಹೋಗುವ ತಿಂಗಳು ಆರಿಸುವಾಗ ದಸೈಂ ಹಬ್ಬ, ಅಂದರೆ ಅವರ ದಸರಾ, ಯಾವಾಗ ಅಂತ ನೋಡಿಕೊಳ್ಳಿ. ಆಗ ಒಪಿಡಿ ಖಾಲಿ, ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಬ್ಬ ಕಳೆದ ಮೇಲೆ, ನವೆಂಬರ್‌ನಲ್ಲಿ ಹೋದರೆ ರಸ್ತೆಯೂ ಒಣಗಿರುತ್ತದೆ, ಆಸ್ಪತ್ರೆಯಲ್ಲಿ ಕೈತುಂಬ ಕೆಲಸವೂ ಇರುತ್ತದೆ.